ಹೊಳಪಿನ ಬಾಲ

ಮಾರ್ಚ್ 3, ಸೋಮವಾರ

ಇವತ್ತು ಸ್ಟುಡಿಯೋದಲ್ಲಿ ಎಲ್ಲರೆದುರು ನನ್ನ ಕ್ಯಾಮೆರಾಗಳ ಮಾನ ಹೋಯಿತು. ಮಾನ ಕಳೆದದ್ದು ಒಂದು ಪೀಪಿ. ಆ ಪೀಪಿ ನಮ್ಮ ಮನೆಯದೇ ಎನ್ನುವುದು ಸದ್ಯ ಅಲ್ಲಿ ಯಾರಿಗೂ ಗೊತ್ತಿಲ್ಲ.

ನಾನು ಇಂಜಿನಿಯರಾಗಿರುವ ಟೆಲಿವಿಷನ್ ಕೇಂದ್ರಕ್ಕೆ ಹೊಸ ದೊಡ್ಡ ಸ್ಟುಡಿಯೋ ಆಗಿದೆ. ಏಪ್ರಿಲ್ ಹನ್ನೆರಡಕ್ಕೆ ಉದ್ಘಾಟನೆ. ವಾದ್ಯವೃಂದದ ಕಛೇರಿ, ನೇರ ಪ್ರಸಾರ. ಮೊದಲು ನಮ್ಮ ಸಾಹೇಬರ ಭಾಷಣ. ಸಾಹೇಬರಿಗೆ ಈ ಪುಸ್ತಕದಲ್ಲಿ ನಾನು ಇಟ್ಟಿರುವ ಹೆಸರು ಹುಣ್ಣಿಮೆ. ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲ, ಇರುವ ಜಾಗವನ್ನು ಎಣ್ಣೆ ಹಾಕಿ ತಿಕ್ಕಿ ಕಾಪಾಡಿಕೊಂಡಿದ್ದಾರೆ. ಭಾಷಣ ಮುಗಿದ ಕೂಡಲೇ ಕಛೇರಿ ಶುರುವಾಗುವುದು ಒಂಟಿ ಟ್ರಂಪೆಟ್ಟಿನಿಂದ. ನುಡಿಸುವವಳು ನಮ್ಮ ಮನೆಯ ವಿದುಷಿ. ಇನ್ಶೂರೆನ್ಸ್ ಕಚೇರಿಯ ಕೆಲಸವನ್ನು ಜನವರಿಯಲ್ಲಿ ಬಿಟ್ಟು ಪೀಪಿ ಊದಲು ಹೋದ ಮಹಾತಾಯಿ. ಆವತ್ತಿನಿಂದ ನಾನು ಅವಳ ಜೊತೆ ಮಾತಾಡುವುದಿಲ್ಲ. ಹೇಳುವುದಿದ್ದರೆ ಇವಳ ಮೂಲಕ ಹೇಳಿಸುತ್ತೇನೆ. ಇವಳು ಎಂದರೆ ನನ್ನ ಹೆಂಡತಿ. "ಸ್ಟುಡಿಯೋದಲ್ಲಿ ನನ್ನ ಗುರುತು ಹೇಳಬೇಡ ಅಂತ ಅವಳಿಗೆ ಹೇಳು" ಎಂದೂ ಹೇಳಿಸಿದ್ದೆ. ಪಾಪ, ಹೇಳಿಲ್ಲ.

ತಾಲೀಮಿನಲ್ಲಿ ಅವಳು ಪೀಪಿ ಎತ್ತಿದಳು. ದೀಪದ ಬೆಳಕು ಅದರ ಬಾಯಿಗೆ ಬಡಿಯಿತು. ಅಷ್ಟೇ, ಪರದೆಯ ಮೇಲೆ ಬೆಳ್ಳನೆಯ ಬಾಲವೊಂದು ಎದ್ದಿತು. ಅವಳು ಬಲಕ್ಕೆ ತಿರುಗಿದರೆ ಬಾಲ ಎಡಕ್ಕೆ, ಎಡಕ್ಕೆ ತಿರುಗಿದರೆ ಬಲಕ್ಕೆ. ಮುಖದ ಮೇಲೆಲ್ಲ ಸುಣ್ಣ ಬಳಿದ ಹಾಗೆ.

ಹುಣ್ಣಿಮೆ ಕೂಗಿದರು: "ಹೊಳೆಯೋದಕ್ಕೆಲ್ಲ ಮೇಣ ಹಚ್ಚಿ!" ಉಳಿದ ಹಿತ್ತಾಳೆ ವಾದ್ಯದವರು ತಲೆಯಾಡಿಸಿದರು. ವಿದುಷಿ ಮಾತ್ರ, "ಸರ್, ಇದನ್ನ ನಾನು ದಿನಾ ಒರೆಸೋದು ಹೊಳೀಲಿ ಅಂತಲೇ" ಎಂದಳು.

"ಹಾಗಾದ್ರೆ ವೇದಿಕೆಯ ಪರದೆ ಹಿಂದೆ ನಿಂತು ನುಡಿಸಮ್ಮ. ಸದ್ದು ಬಂದ್ರೆ ಸಾಕು."

ಒಳ್ಳೆಯದೇ ಆಯಿತು. ನೆಂಟರಿಷ್ಟರು ಯಾರೂ ನೋಡುವುದಿಲ್ಲ.

ಮಾರ್ಚ್ 4, ಮಂಗಳವಾರ

ಇವಳಿಗೆ ವಿಷಯ ಗೊತ್ತಾಗಿದೆ. ನಾನು ಊಟಕ್ಕೆ ಕೂತಿದ್ದಾಗ ತಟ್ಟೆಯನ್ನು ಇಡುವ ಬದಲು ಕುಕ್ಕಿದಳು.

"ಏನ್ರೀ, ಅಷ್ಟು ದೊಡ್ಡ ಕ್ಯಾಮೆರಾಗೆ ಒಂದು ಟ್ರಂಪೆಟ್ ನೋಡೋಕೆ ಆಗಲ್ವಾ?"

"ಹೊಳಪು ಜಾಸ್ತಿ."

"ನನಗೆ ಬರಿಗಣ್ಣಲ್ಲಿ ಚೆನ್ನಾಗೇ ಕಾಣುತ್ತೆ. ನಿಮ್ಮ ಕ್ಯಾಮೆರಾಗೆ ಕಣ್ಣು ಕುಕ್ಕಿದ್ರೆ ನನ್ನ ಮಗಳು ಪರದೆ ಹಿಂದೆ ಯಾಕೆ ಹೋಗ್ಬೇಕು? ಕ್ಯಾಮೆರಾನೇ ಹೋಗ್ಲಿ."

ಇವಳಿಗೆ ಎಲೆಕ್ಟ್ರಾನಿಕ್ಸ್ ತಿಳಿಯುವುದಿಲ್ಲ. ಆದರೂ ರಾತ್ರಿಯಿಡೀ ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು.

ಮಾರ್ಚ್ 6, ಗುರುವಾರ

ನನ್ನ ಕ್ಯಾಮೆರಾದ ಮರ್ಯಾದೆಯ ಪ್ರಶ್ನೆ ಇದು. ಬೇರೆ ಯಾರ ಸಲುವಾಗಿಯೂ ಅಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಯಾರಾದರೂ ಅಪಾರ್ಥ ಮಾಡಿಕೊಳ್ಳಬಾರದು.

ನಮ್ಮಲ್ಲಿ ಮೂರು ಕ್ಯಾಮೆರಾ. ಮೂರನೆಯದು ಹಳೆಯದು, ನಾನು ಮುದುಕಿ ಎನ್ನುತ್ತೇನೆ. ಅದರ ಮೇಲೆ ಕೈ ಮಾಡಿದರೆ ಯಾರೂ ಕೇಳುವುದಿಲ್ಲ.

ಮಾರ್ಚ್ 9, ಭಾನುವಾರ

ರಜಾ ದಿನ ಸ್ಟುಡಿಯೋ ಖಾಲಿ. ಪರೀಕ್ಷೆಗೆ ಹೊಳೆಯುವ ವಸ್ತು ಬೇಕಿತ್ತು, ಮನೆಯಿಂದ ಉದ್ದ ಹಿಡಿಯ ಸ್ಟೀಲ್ ಸೌಟು ಎಗರಿಸಿಕೊಂಡು ಹೋದೆ. ಮುದುಕಿಯ ಮುಂದೆ ದೀಪ ಹಾಕಿ ಸೌಟನ್ನು ಬೀಸಿದೆ. ಒಳ್ಳೆಯ ಬಾಲ ಬಂತು. ಬೀಸುವುದೂ ನಾನೇ, ಓಡಿ ಹೋಗಿ ಪರದೆ ನೋಡುವುದೂ ನಾನೇ. ಬೀಸು, ಓಡು, ನೋಡು, ಮತ್ತೆ ಬಂದು ಬೀಸು. ಬಾಗಿಲಲ್ಲಿ ಕಾವಲುಗಾರ ಯಾವಾಗಿನಿಂದ ನಿಂತಿದ್ದನೋ.

"ಸರ್, ಮನೇಲಿ ಎಲ್ಲಾ ಆರಾಮಾ?" ಎಂದು ಕೇಳಿದ.

ಮಾರ್ಚ್ 13, ಗುರುವಾರ

ರೋಗದ ಮೂಲ ಹೀಗಿದೆ. ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಗಾಜಿನ ಕೊಳವೆ. ಅದರ ಮುಂಭಾಗದ ತೆಳು ಪದರದ ಮೇಲೆ ಬೆಳಕು ಬಿದ್ದಲ್ಲೆಲ್ಲ ವಿದ್ಯುತ್ತು ಕೂತುಕೊಳ್ಳುತ್ತದೆ. ಹೆಚ್ಚು ಬೆಳಕಿಗೆ ಹೆಚ್ಚು. ಹಿಂದಿನಿಂದ ಎಲೆಕ್ಟ್ರಾನಿನ ಕಿರಣ ಸಾಲು ಸಾಲಾಗಿ ಬಂದು ಅದನ್ನು ಗುಡಿಸಿಕೊಂಡು ಹೋಗುತ್ತದೆ. ಗುಡಿಸಿ ಸಿಕ್ಕಿದ್ದೇ ಚಿತ್ರ. ಆದರೆ ಪೊರಕೆಯ ಬಲ ಎಲ್ಲ ಕಡೆ ಒಂದೇ. ಕಸ ವಿಪರೀತ ಬಿದ್ದ ಕಡೆ ಒಂದು ಸಲಕ್ಕೆ ಹೋಗುವುದಿಲ್ಲ, ಮುಂದಿನ ಸುತ್ತಿಗೆ ಉಳಿಯುತ್ತದೆ, ಅದರ ಮುಂದಿನದಕ್ಕೂ ಉಳಿಯುತ್ತದೆ. ಅಷ್ಟರಲ್ಲಿ ಹೊಳಪು ಮುಂದೆ ಸರಿದಿರುತ್ತದೆ, ಕಸ ಹಿಂದೆ ಬಿದ್ದಿರುತ್ತದೆ. ಅದೇ ಬಾಲ.

ಪೊರಕೆಯನ್ನೇ ದಪ್ಪ ಮಾಡಿ ನೋಡಿದೆ, ಎಂದರೆ ಕಿರಣದ ಬಲ ಹೆಚ್ಚಿಸಿದೆ. ಬಾಲ ಹೋಯಿತು. ಜೊತೆಗೆ ಚಿತ್ರದ ಚೂಪೂ ಹೋಯಿತು. ಮಾದರಿಗೆಂದು ಕೂರಿಸಿದ್ದ ಮೇಕಪ್ಪಿನಾಕೆಯ ಮೂಗು ನಾದಿದ ಹಿಟ್ಟಿನ ಹಾಗೆ ಕಂಡಿತು. ಅವರು ಪರದೆ ನೋಡಿ ಎದ್ದು ಹೋದರು.

ಮಾರ್ಚ್ 18, ಮಂಗಳವಾರ

ಹೊರದೇಶದ ಒಂದು ಪತ್ರಿಕೆಯಲ್ಲಿ ಓದಿದೆ, ಬಾಲ ಕತ್ತರಿಸಲೆಂದೇ ಹೊಸ ಬಗೆಯ ಕೊಳವೆ ಮಾಡುತ್ತಿದ್ದಾರಂತೆ. ಅದು ನಮ್ಮ ಕೇಂದ್ರಕ್ಕೆ ಬರುವಷ್ಟರಲ್ಲಿ ನಾನು ನಿವೃತ್ತನಾಗಿ ಎರಡು ಸಲ ಹುಟ್ಟಿ ಬಂದಿರುತ್ತೇನೆ. ಇರುವ ಕೊಳವೆಯಲ್ಲೇ ದಾರಿ ಹುಡುಕಬೇಕು. ಕಸ ಕಂಡಲ್ಲಿ ಮಾತ್ರ ಜೋರಾಗಿ ಗುಡಿಸು, ಉಳಿದ ಕಡೆ ಮೆಲ್ಲಗೆ ಗುಡಿಸು ಎಂದು ಕಿರಣಕ್ಕೆ ಹೇಳುವ ಒಂದು ಸಣ್ಣ ಸರ್ಕ್ಯೂಟು ಜೋಡಿಸಿದೆ.

ಚಾಲೂ ಮಾಡಿದೆ. ಕಸ ಕಂಡಿತು, ಜೋರಾಗಿ ಗುಡಿಸಿತು. ಗುಡಿಸಿದಾಗ ಎದ್ದ ಧೂಳನ್ನೂ ಕಸ ಎಂದುಕೊಂಡು ಇನ್ನೂ ಜೋರಾಗಿ ಗುಡಿಸಿತು. ಪರದೆಯ ತುಂಬ ಮಿಂಚು, ಗುಡುಗು. ಎಲ್ಲೋ ಸುಟ್ಟ ವಾಸನೆ ಬಂತು. ನನ್ನ ಅಂಗಿಯ ತೋಳಿನದು.

ಮನೆಗೆ ಬಂದಾಗ ವಿದುಷಿ ಒಳಗೆ ಪೀಪಿ ಅಭ್ಯಾಸ ಮಾಡುತ್ತಿದ್ದಳು. ಒಂದೇ ಸಾಲು, ಮತ್ತೆ ಮತ್ತೆ, ಒಂದೇ ಕಡೆ ಎಡವುತ್ತಾಳೆ. ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ. ಕೊನೆಗೊಮ್ಮೆ ಎಡವದೆ ದಾಟಿದಳು. ಆಮೇಲೆ ಊಟ ಸೇರಿತು. ಹಸಿವಿತ್ತು, ಅದಕ್ಕೆ.

ಮಾರ್ಚ್ 21, ಶುಕ್ರವಾರ

ಸರ್ಕ್ಯೂಟಿಗೆ ಮೂಗುದಾರ ಹಾಕಿದೆ. ಇಷ್ಟಕ್ಕಿಂತ ಜೋರಾಗಿ ಗುಡಿಸುವ ಹಾಗಿಲ್ಲ ಎಂದು ಮಿತಿ. ಸೌಟಿನ ಬಾಲ ಈಗ ಹಲ್ಲಿಯ ಬಾಲದಷ್ಟು.

ಸೌಟಿನದು ಸಣ್ಣ ಹೊಳಪು. ಅಗಲವಾದ ಹೊಳಪಿಗೂ ಪರೀಕ್ಷೆ ಬೇಕು. ಎಲ್ಲಿ ಸಿಗುತ್ತದೆ? ನೇರ ಸಾಹೇಬರ ಕೋಣೆಗೆ ಹೋದೆ.

"ಸರ್, ಉದ್ಘಾಟನೆಯ ದಿನ ನಿಮ್ಮ ಮುಖದ ಮೇಲೆ ಬೆಳಕು ಹೇಗೆ ಬೀಳ್ಬೇಕು ಅಂತ ಈಗಲೇ ನೋಡ್ಕೊಂಡ್ರೆ ಒಳ್ಳೇದು. ಎರಡು ನಿಮಿಷ ಬಂದು ಭಾಷಣ ಮಾಡ್ತೀರಾ?"

ಬಂದರು. ಎರಡು ನಿಮಿಷ ಎಲ್ಲಿಯದು, ಮೇಕಪ್ಪಿನಾಕೆ ಊಟ ಮುಗಿಸಿ ಬಂದರೂ ಭಾಷಣ ನಡೆದೇ ಇತ್ತು. "ಸರ್, ಸ್ವಲ್ಪ ತಲೆ ಬಾಗಿಸಿ, ವಿನಯ ಕಾಣುತ್ತೆ." ಬಾಗಿಸಿದರು. "ಈಗ ಆ ಕಡೆ, ಜನರನ್ನ ನೋಡಿದ ಹಾಗೆ." ತಿರುಗಿದರು. ಸರ್ಕ್ಯೂಟು ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ, ಎರಡನ್ನೂ ಟೇಪಿನ ಮೇಲೆ ಹಿಡಿದೆ. ಇಷ್ಟು ಸಹಕಾರ ಕೊಡುವ ಉಪಕರಣ ನಮ್ಮ ಉಗ್ರಾಣದಲ್ಲಿ ಒಂದೂ ಇಲ್ಲ.

ಹೋಗುವಾಗ ನನ್ನ ಬೆನ್ನು ತಟ್ಟಿದರು. "ನಿಮಗೆ ನನ್ನ ಭಾಷಣದ ಮೇಲೆ ಇಷ್ಟು ಆಸಕ್ತಿ ಇದೆ ಅಂತ ಗೊತ್ತಿರ್ಲಿಲ್ಲ."

ಮಾರ್ಚ್ 23, ಭಾನುವಾರ

ಸೌಟು ಆಯಿತು, ಸಾಹೇಬರು ಆಯಿತು, ಇನ್ನು ನಿಜವಾದ ತುತ್ತೂರಿಯೇ ಬೇಕು. ರಜಾ ದಿನ ಸಿಗುವ ತುತ್ತೂರಿ ಊರಿನಲ್ಲಿ ಒಂದೇ, ಅದು ನಮ್ಮ ಮನೆಯ ಕಪಾಟಿನಲ್ಲಿದೆ. ಅವಳು ಗೆಳತಿಯ ಮನೆಗೆ ಹೋದದ್ದೇ ತಡ, ಪೆಟ್ಟಿಗೆಸಮೇತ ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಒಬ್ಬರು "ಮದುವೆ ಬ್ಯಾಂಡಾ?" ಎಂದು ಕೇಳಿದರು. ಹೌದೆಂದೆ.

ಬೀಸಿದೆ. ಎರಡನೆಯ ಸಲ ಬೀಸುವಾಗ ಕ್ಯಾಮೆರಾದ ಸ್ಟ್ಯಾಂಡು ಅಡ್ಡ ಬಂತು. ಟಂಯ್ ಎಂದಿತು. ತುತ್ತೂರಿಯ ಬಾಯಂಚು ಒಂದು ಕಡೆ ಒಳಕ್ಕೆ ಸೊಟ್ಟಗಾಯಿತು.

ಒರೆಸಿ, ಸೊಟ್ಟಗಾದ ಕಡೆಯನ್ನು ಕೆಳಗೆ ಮಾಡಿ, ಪೆಟ್ಟಿಗೆಯಲ್ಲಿಟ್ಟು, ಕಪಾಟಿಗೆ ಸೇರಿಸಿದ್ದೇನೆ. ನಿದ್ದೆ ಬರುತ್ತಿಲ್ಲ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಕಾಫಿಯ ಹೊತ್ತಿಗೆ ಪೆಟ್ಟಿಗೆ ತೆರೆದ ಸದ್ದು.

"ಅಮ್ಮ, ನನ್ನ ಟ್ರಂಪೆಟ್ ಯಾರು ಮುಟ್ಟಿದ್ದು?"

"ನನ್ನ ಸೌಟು ಯಾರು ತಗೊಂಡು ಹೋದ್ರೋ ಅವರೇ ಇರ್ಬೇಕು" ಎಂದಳು ಇವಳು, ನನ್ನ ಕಡೆ ತಿರುಗದೆ.

ಇನ್ನು ಇವಳ ಮೂಲಕ ಹೇಳಿಸಲು ಆಗುವ ಮಾತಲ್ಲ ಇದು. ನಾನೇ ಹೇಳಿದೆ: "ಸ್ಟ್ಯಾಂಡು ಅಡ್ಡ ಬಂತು."

"ಸ್ಟ್ಯಾಂಡು ತಾನೇ ನಡೆದು ಬಂತಾ ಅಪ್ಪ?"

ಜನವರಿಯಿಂದ ಈಚೆಗೆ ಅವಳು ನನ್ನನ್ನು ಅಪ್ಪ ಎಂದದ್ದು ಇದೇ ಮೊದಲು. ಕಣ್ಣಲ್ಲಿ ನೀರಿತ್ತು. ಬೈದರೆ ಬೈಸಿಕೊಳ್ಳೋಣ ಎಂದು ಎಲ್ಲ ಹೇಳಿಬಿಟ್ಟೆ. ಬಾಲ, ಕಸ, ಪೊರಕೆ, ಸಾಹೇಬರ ತಲೆ. ತಲೆಯ ಸುದ್ದಿಗೆ ಬಂದಾಗ ಅವಳ ತುಟಿ ಅಲುಗಿತು.

"ಹೇಗೆ ಹಿಡ್ಕೊಂಡು ಬೀಸಿದೆ? ತೋರಿಸು."

ಲಟ್ಟಣಿಗೆ ಹಿಡಿದು ತೋರಿಸಿದೆ. ಅಷ್ಟೇ, ಅಳುತ್ತಿದ್ದವಳು ನಗಲು ಶುರು ಮಾಡಿದಳು, ಬಿಕ್ಕಳಿಕೆ ಬರುವವರೆಗೆ ನಕ್ಕಳು.

"ಅದು ನೊಣ ಹೊಡೆಯೋ ರೀತಿ ಅಪ್ಪ! ಟ್ರಂಪೆಟ್ ಯಾರೂ ಹಾಗೆ ಬೀಸಲ್ಲ. ಉಸಿರು ತಗೊಂಡಾಗ ಇಷ್ಟು ಮೇಲೇಳುತ್ತೆ, ಸ್ವರ ಬಿಟ್ಟಾಗ ಇಷ್ಟು ಇಳಿಯುತ್ತೆ. ಅಷ್ಟೇ."

ಎಂದರೆ ಇಷ್ಟು ದಿನದ ಅಳತೆಯೆಲ್ಲ ತಪ್ಪು! ನಿಜವಾದ ಚಲನೆ ಸಣ್ಣದು, ನಿಧಾನದ್ದು. ಸರ್ಕ್ಯೂಟಿನ ಮಿತಿಯನ್ನು ಬೇರೆ ಕಡೆ ಕೂರಿಸಬೇಕು.

"ಭಾನುವಾರ ನಾನೇ ಬರ್ತೀನಿ" ಎಂದಳು. "ಇನ್ನು ನನ್ನ ವಾದ್ಯ ನೀನು ಮುಟ್ಟೋ ಹಾಗಿಲ್ಲ."

ಸಂಜೆ ವಾದ್ಯ ರಿಪೇರಿಯವನ ಹತ್ತಿರ ಇಬ್ಬರೂ ಹೋದೆವು. ಅವನು ಬಡಿಯುವಾಗ ಅವಳು ಕಣ್ಣು ಮುಚ್ಚಿಕೊಂಡಳು. ನನಗೂ ನೋಡಲಾಗಲಿಲ್ಲ, ಅಂಗಡಿಯಲ್ಲಿ ವಿಪರೀತ ಧೂಳು.

ಮಾರ್ಚ್ 30, ಭಾನುವಾರ

ಮಗಳು ಬಂದಳು. ಕಾವಲುಗಾರ ನನ್ನ ಕೈಯಲ್ಲಿ ಸೌಟಿಲ್ಲದ್ದು ನೋಡಿ ಸಮಾಧಾನಪಟ್ಟ.

ಮುದುಕಿಯ ಮುಂದೆ ನಿಲ್ಲಿಸಿ ನುಡಿಸು ಎಂದೆ. ನಾನು ಮೀಟರಿನ ಮುಂದೆ. ಮೊದಲ ಸಲ ನುಡಿಸಿದಾಗ ಮಿತಿ ತುಸು ಹೆಚ್ಚಾಯಿತು, ಚಿತ್ರದ ಅಂಚು ನಡುಗಿತು. ತಿರುಪು ಕೂದಲೆಳೆಯಷ್ಟು ತಿರುಗಿಸಿದೆ. ಎರಡನೆಯ ಸಲ ಬಾಲ ಇಲ್ಲ. ಇಲ್ಲವೇ ಇಲ್ಲ! ಬಾಯಂಚಿನ ಮೇಲೆ ಬೆಳಕು ಬೆಳಕಾಗಿಯೇ ಕೂತಿತ್ತು, ತಾನಿದ್ದ ಕಡೆ ತಾನಿತ್ತು. ಹಿಂದೆ ಏನೂ ಎಳೆದುಕೊಂಡು ಬರಲಿಲ್ಲ.

ಮೂರನೆಯ ಸಲವೂ ನುಡಿಸಲು ಹೇಳಿದೆ. ತಾಂತ್ರಿಕವಾಗಿ ಅಗತ್ಯವಿರಲಿಲ್ಲ, ಆದರೆ ಎಲ್ಲ ಉಪಕರಣ ಸರಿಯಾಗಿ ಬಿಸಿಯಾಗಲಿ ಎಂದು. ನಾಲ್ಕನೆಯ ಸಲವೂ ಅದಕ್ಕೇ.

"ಅಪ್ಪ, ತುಟಿ ಊದಿಕೊಂಡಿದೆ. ಸಾಕಾ?"

"ಆ ಮಧ್ಯದ ಸಾಲಿನಲ್ಲಿ ನೀನು ಮುಂಚೆ ಎಡವ್ತಿದ್ದೆಯಲ್ಲ, ಈಗ ಎಡವೋದಿಲ್ಲ" ಎಂದೆ.

ಅವಳು ನನ್ನನ್ನು ಒಂದು ಥರ ನೋಡಿದಳು. ಅದರಲ್ಲಿ ನೋಡುವಂಥದ್ದೇನಿತ್ತೋ.

ಏಪ್ರಿಲ್ 2, ಬುಧವಾರ

ಹುಣ್ಣಿಮೆ ಒಪ್ಪಲಿಲ್ಲ. "ನೇರ ಪ್ರಸಾರದಲ್ಲಿ ಮನೇಲಿ ಮಾಡಿದ ಸರ್ಕ್ಯೂಟಾ? ಹುಚ್ಚಾ ನಿಮಗೆ? ಮೇಣ ಹಚ್ಚಿ ಅಂದ್ರೆ ಹಚ್ಚಿ, ಮುಗೀತು."

ವಾದ ಮಾಡಲಿಲ್ಲ. "ಸರ್, ನಿಮ್ಮ ಅಭ್ಯಾಸದ ಟೇಪು ನೋಡ್ತೀರಾ?" ಎಂದೆ. ಮೊದಲು ಸರ್ಕ್ಯೂಟು ಇಲ್ಲದ್ದು ಹಾಕಿದೆ.

ಇಷ್ಟು ವರ್ಷ ಮೇಕಪ್ಪಿನಾಕೆ ಡಬ್ಬಿಗಟ್ಟಲೆ ಪೌಡರು ಸುರಿದು ಅವರಿಂದ ಮುಚ್ಚಿಟ್ಟ ಸತ್ಯ ಪರದೆಯ ಮೇಲೆ ಬಂತು. ಸಾಹೇಬರು ವಿನಯದಿಂದ ತಲೆ ಬಾಗಿಸಿದರು, ತಲೆಯ ಹಿಂದೆ ಬೆಳ್ಳನೆಯ ಬಾಲವೂ ವಿನಯದಿಂದ ಬಾಗಿತು.

"ಯಾರ ತಲೆ ಇದು?"

"ನಿಮ್ಮದೇ ಸರ್."

"ಯಾವಾಗಿಂದ ಹೀಗಿದೆ?"

"ತಲೆ ನಿಮಗೇ ಗೊತ್ತು ಸರ್. ಬಾಲ ಮೊದಲಿಂದಲೂ ಇದೆ."

ಎರಡನೆಯ ಟೇಪು ಹಾಕಿದೆ. ಬಾಲವಿಲ್ಲದ ತಲೆ. ಬಹಳ ಹೊತ್ತು ನೋಡಿದರು. "ಹಳೇದರಲ್ಲಿ ಸರ್ಕ್ಯೂಟು ಇರ್ಲಿ. ನನ್ನ ಭಾಷಣಕ್ಕೆ ಅದೇ ಕ್ಯಾಮೆರಾ."

"ಸರ್, ಭಾಷಣದ ನಂತರ ಅದೇ ಕ್ಯಾಮೆರಾ ಟ್ರಂಪೆಟ್ಟಿನ ಕಡೆ ತಿರುಗಬಹುದಲ್ಲ?"

"ತಿರುಗಿಸಿಕೊಳ್ರೀ ಎಲ್ಲಿ ಬೇಕಾದ್ರೂ! ಮೊದಲು ನನ್ನದು."

ಹೀಗೆ ಮಗಳ ಜಾಗ ಪರದೆಯ ಹಿಂದಿನಿಂದ ಮುಂದಕ್ಕೆ ಬಂತು. ಮನೆಗೆ ಹೋಗಿ ಹೇಳಿದೆ. ಇವಳು ಇವತ್ತು ಎರಡು ಸಲ ಕಾಫಿ ಕೊಟ್ಟಳು.

ಏಪ್ರಿಲ್ 11, ಶುಕ್ರವಾರ

ಭಾಷಣ ಐದು ನಿಮಿಷ ಎಂದು ನಿಗದಿಯಾಗಿದೆ. ಸಾಹೇಬರ ಕೈಯಲ್ಲಿ ಹಾಳೆಗಳ ಕಟ್ಟು ನೋಡಿದೆ. ದಪ್ಪಗಿದೆ.

ಏಪ್ರಿಲ್ 12, ಶನಿವಾರ

ಮುಗಿಯಿತು. ಬರೆಯುವುದು ನಾಳೆ.

ಏಪ್ರಿಲ್ 13, ಭಾನುವಾರ

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ.

ನಾನು ಕಂಟ್ರೋಲ್ ರೂಮಿನಲ್ಲಿ ಮುದುಕಿಯ ಗುಂಡಿಗಳ ಮುಂದೆ. ಪಕ್ಕದಲ್ಲಿ ಕಾರ್ಯಕ್ರಮದ ನಿರ್ಮಾಪಕಿ, ಕಿವಿಗೆ ಫೋನು ಸಿಕ್ಕಿಸಿಕೊಂಡು. ಸಾಹೇಬರು ಬಂದರು, ಪೌಡರು ಬೇಡವೆಂದಿದ್ದರು, ತಲೆ ಸ್ವಚ್ಛವಾಗಿ ಹೊಳೆಯುತ್ತಿತ್ತು, ಬಾಲ ಇಲ್ಲ. ನಿರ್ಮಾಪಕಿ ನನ್ನ ಕಡೆ ಹೆಬ್ಬೆರಳು ತೋರಿಸಿದರು. ಐದು ನಿಮಿಷವಾಯಿತು. ಹತ್ತಾಯಿತು. ಸಾಹೇಬರು ಇನ್ನೂ ದೂರದರ್ಶನದ ಹುಟ್ಟಿನ ಹತ್ತಿರವೇ ಇದ್ದರು.

ಆಗ ಚಿತ್ರದ ಅಂಚು ನಡುಗಿತು. ತುತ್ತೂರಿಯ ಹೊಳಪು ಬಂದು ಹೋಗುವಂಥದ್ದು, ನಡುನಡುವೆ ಸರ್ಕ್ಯೂಟಿಗೆ ವಿಶ್ರಾಂತಿ ಸಿಗುತ್ತದೆ. ಈ ತಲೆ ಬಂದು ಹೋಗುವುದಿಲ್ಲ, ಬಂದು ಕೂತುಬಿಟ್ಟಿದೆ. ಒಂದೇ ಸಮನೆ ಗುಡಿಸಿ ಗುಡಿಸಿ ಸರ್ಕ್ಯೂಟು ಕಾದಿದೆ. ಇನ್ನೆರಡು ನಿಮಿಷ ಹೀಗೇ ಬಿಟ್ಟರೆ ಹುಚ್ಚೆದ್ದು ಕುಣಿದು ಸುಟ್ಟೇ ಹೋಗುತ್ತದೆ. ಸುಟ್ಟರೆ ಟ್ರಂಪೆಟ್ಟಿಗೆ ಏನೂ ಉಳಿಯುವುದಿಲ್ಲ. ಈಗ ಆರಿಸಿದರೆ ತಣ್ಣಗಾಗುತ್ತದೆ, ಆದರೆ ಇಡೀ ಊರಿನ ಮುಂದೆ ಸಾಹೇಬರಿಗೆ ಬಾಲ.

ಆರಿಸಿದೆ.

ಇದು ಸಂಪೂರ್ಣ ತಾಂತ್ರಿಕ ನಿರ್ಧಾರ.

"ಇಂಜಿನಿಯರ್ರೇ, ಬಾಲ!" ನಿರ್ಮಾಪಕಿ ಪಿಸುಗುಟ್ಟಿದರು.

"ಕಾಣ್ತಿದೆ ಮೇಡಂ."

"ಏನ್ ಮಾಡ್ತಿದೀರಿ?"

"ಏನೂ ಮಾಡ್ತಿಲ್ಲ ಮೇಡಂ."

ಸಾಹೇಬರು ಸರಿಯಾಗಿ ಅದೇ ಹೊತ್ತಿಗೆ ಭಾವುಕರಾದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಜನರಿಗೆ ಮತ್ತೆ ಮತ್ತೆ ನಮಸ್ಕಾರ ಮಾಡಿದರು. ಪರದೆಯ ತುಂಬ ಬೆಳ್ಳನೆಯ ಕುಂಚ ಆಡಿದ ಹಾಗೆ. ನಿರ್ಮಾಪಕಿ ಬಾಯಿಗೆ ಕರವಸ್ತ್ರ ಒತ್ತಿಕೊಂಡರು, ಅಳುವೋ ನಗುವೋ ತಿಳಿಯಲಿಲ್ಲ. ನಾನು ಸರ್ಕ್ಯೂಟಿನ ಮೇಲೆ ಕೈಯಿಟ್ಟು ಕಾವು ನೋಡುತ್ತ ಕೂತಿದ್ದೆ, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ.

ಭಾಷಣ ಮುಗಿಯಿತು. ಚಪ್ಪಾಳೆ. ಮುದುಕಿ ತಿರುಗಿತು. ಮೇಣ ಮೆತ್ತಿದ ಮಂಕು ವಾದ್ಯಗಳ ನಡುವೆ ಒಂದೇ ಒಂದು ಟ್ರಂಪೆಟ್ ಝಗ್ಗೆಂದಿತು. ಗುಂಡಿ ಒತ್ತಿದೆ. ಮಗಳು ಉಸಿರೆಳೆದುಕೊಂಡಳು.

ಬಾಲ ಬರಲಿಲ್ಲ. ಕೊನೆಯ ಸ್ವರದವರೆಗೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಸಾಹೇಬರ ಫೋನು. ಇವಳು ಎತ್ತಿ, ಮುಖ ಬಿಳುಪಾಗಿಸಿಕೊಂಡು ನನಗೆ ಕೊಟ್ಟಳು.

"ನನ್ನ ತಲೆಗೆ ಬಾಲ ಬಂತಂತೆ. ಆ ಟ್ರಂಪೆಟ್ಟಿಗೆ ಬರಲಿಲ್ಲವಂತೆ. ಸರ್ಕ್ಯೂಟು ಕೆಟ್ಟಿತ್ತಾ?"

ಕೆಟ್ಟಿತ್ತು ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಇಲ್ಲ ಸರ್, ನಾನೇ ಆರಿಸಿದೆ. ಕಾದಿತ್ತು, ಇನ್ನೊಂದು ಸ್ವಲ್ಪ ಹೊತ್ತಾಗಿದ್ರೆ ಸುಟ್ಟು ಹೋಗ್ತಿತ್ತು."

"ಸುಟ್ಟು ಹೋಗ್ಲಿ ಬಿಡಿ! ನನ್ನ ಭಾಷಣ ಮುಗಿದ ಮೇಲೆ ಅದು ಯಾರಿಗೆ ಬೇಕಿತ್ತು?"

"ನಿಮ್ಮ ನಂತರ ನನ್ನ ಮಗಳಿದ್ದಳು ಸರ್."

ಆ ಕಡೆಯಿಂದ ಗಂಟಲು ಸರಿಪಡಿಸಿಕೊಂಡ ಸದ್ದು. "ಆ ಹುಡುಗಿ ನಿಮ್ಮ ಮಗಳಾ? ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

ಕೇಳಿಸದವನ ಹಾಗೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ನಾಳೆ ಲಿಖಿತ ವಿವರಣೆ ಕೊಡಬೇಕಂತೆ. ಮೂರೂ ಕ್ಯಾಮೆರಾಗೂ ಸರ್ಕ್ಯೂಟು ಹಾಕುವವರೆಗೆ ರಜೆ ಕೇಳಬಾರದಂತೆ. ಫೋನು ಇಡುವ ಮುಂಚೆ ದನಿ ಇಳಿಸಿ ಕೇಳಿದರು: "ನಮ್ಮಮ್ಮ ಟೀವೀಲಿ ನೋಡಿದ್ರು. ನನ್ನ ತಲೆ ಹಿಂದೆ ಪ್ರಭೆ ಬಂತು ಅಂತ ಬೆಳಿಗ್ಗೆಯಿಂದ ಅಕ್ಕಪಕ್ಕದವರಿಗೆಲ್ಲ ಹೇಳ್ತಿದಾರೆ. ಬೇಕಾದಾಗ ಮಾತ್ರ, ಸ್ವಲ್ಪ ಮಾತ್ರ, ಬರೋ ಹಾಗೆ ಮಾಡೋಕೆ ಆಗುತ್ತಾ?"

ಪ್ರಯತ್ನ ಮಾಡುತ್ತೇನೆ ಎಂದೆ.

ಮಧ್ಯಾಹ್ನ ಮೂವರೂ ಊಟಕ್ಕೆ ಕೂತೆವು. ಗಡಿಬಿಡಿಯಲ್ಲಿ ನೇರ ಪ್ರಸಾರವನ್ನು ಯಾರೂ ಟೇಪಿನಲ್ಲಿ ಹಿಡಿದಿರಲಿಲ್ಲ. ನುಡಿಸಿದವಳು ಮಾತ್ರ ಅದನ್ನು ನೋಡಿಯೇ ಇಲ್ಲ, ಇನ್ನು ನೋಡುವಂತೆಯೂ ಇಲ್ಲ.

"ಹೇಗೆ ಕಾಣಿಸ್ದೆ ಅಪ್ಪ?"

"ಬಾಲ ಇರ್ಲಿಲ್ಲ."

"ಅದು ಗೊತ್ತು. ಮತ್ತೆ?"

ಮತ್ತೇನು ಹೇಳುವುದು? ನಾನು ಇಂಜಿನಿಯರು, ಹೊಳಪನ್ನು ಮಾತ್ರ ನೋಡುತ್ತಿದ್ದೆ. ಆದರೂ ಕೇಳಿದ್ದಾಳಲ್ಲ ಎಂದು ಹೇಳಿದೆ. ಶುರು ಮಾಡುವ ಮುಂಚೆ ನೀನು ಎಡಗೈ ಬೆರಳನ್ನು ಸೀರೆಗೆ ಒರೆಸಿಕೊಂಡೆ. ಮೊದಲ ಸ್ವರಕ್ಕೆ ಕಣ್ಣು ಮುಚ್ಚಿದೆ, ಮಧ್ಯದ ಸಾಲು ದಾಟಿದ ಮೇಲೆ ತೆರೆದೆ. ಮೇಲಿನ ಸ್ವರಕ್ಕೆ ಹೋಗುವಾಗ ನಿನ್ನ ಹುಬ್ಬು ನಿಮ್ಮಮ್ಮ ಮೇಲಿನ ಶೆಲ್ಫಿನಿಂದ ಪಾತ್ರೆ ತೆಗೆಯುವಾಗ ಅವಳದು ಏರುತ್ತದಲ್ಲ, ಹಾಗೇ ಏರಿತು. ಹಣೆಯ ಮೇಲೆ ಬೆವರಿನ ಹನಿ ಬಂತು, ಅದೂ ಮಿನುಗಿತು, ಅದಕ್ಕೂ ಬಾಲ ಬರಲಿಲ್ಲ. ಮುಗಿಸಿ ವಾದ್ಯ ಕೆಳಗಿಳಿಸಿದಾಗ ತುಟಿಯ ಮೇಲೆ ದುಂಡನೆಯ ಗುರುತಿತ್ತು, ನೀನು ನಕ್ಕಾಗ ಅದೂ ಅಗಲವಾಯಿತು. ಆಮೇಲೆ, ಹಾಂ, ಎರಡನೆಯ ಉಸಿರಿನಲ್ಲಿ ಭುಜ...

ಇನ್ನೂ ಏನೇನೋ ಹೇಳುತ್ತ ಹೋದೆ. ನೋಡಿದರೆ ಊಟವೆಲ್ಲ ಆರಿ ತಣ್ಣಗಾಗಿದೆ, ಇಬ್ಬರೂ ಕೈ ತಟ್ಟೆಯಲ್ಲೇ ಇಟ್ಟು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಾರೆ. ಒಬ್ಬರಾದರೂ ನನ್ನನ್ನು ಸಾಕು ಅನ್ನಬಾರದಿತ್ತೆ?